ತಿಳಿವಳಿಕೆ ಬರುವ ವಯಸ್ಸು: ಆಫ್ರಿಕದ ಬೋಲಪಟಗಳು ಮತ್ತು ನಮ್ಮ ಸಿದ್ದಿ ಹುಡುಗ

"ಹುಡುಗನಿಗೆ ಈಗ ತಿಳಿವಳಿಕೆ ಬಂತು" ಎಂದು ನಮ್ಮಲ್ಲಿ ಹೇಳುವದುಂಟು. ಯಾವಾಗ ಹೇಳುತ್ತೇವೆ? ಬಹಳ ಮಾಡಿ ಅವನು ಮೊದಲನೆಯ ಪಗಾರ ತಂದು ತಾಯಿಯ ಕೈಯಲ್ಲಿಟ್ಟ ದಿವಸ. ಹುಡುಗಿಯಾದರೆ ಇನ್ನೂ ಬೇಗ; ತಮ್ಮನನ್ನು ಬಗಲಲ್ಲಿ ಎತ್ತಿಕೊಂಡು ರೊಟ್ಟಿ ಬಡಿಯಲು ಕಲಿತರೆ ಸಾಕು, ಅವಳಿಗೆ ತಿಳಿವಳಿಕೆ ಬಂದ ಹಾಗೆಯೇ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಪುಣೆಗೆ ದುಡಿಯಲು ಬಂದು ಯೆರವಡೆಯ ಓಣಿಗಳಲ್ಲಿ ನೆಲೆಸಿದ ನಮ್ಮ ಜನರಲ್ಲಿ ಈ ತಿಳಿವಳಿಕೆ ಹದಿಮೂರು, ಹದಿನಾಲ್ಕಕ್ಕೇ ಬಂದುಬಿಡುತ್ತದೆ. ಎಂಟನೆಯ ಇಯತ್ತೆಯ ಪುಸ್ತಕ ಗೂಡಿನಲ್ಲಿ ಉಳಿಯುತ್ತದೆ, ಹುಡುಗ ಗೌಂಡಿಯ ಕೈಕೆಳಗೆ ಸೇರುತ್ತಾನೆ. ಇದನ್ನು ದೂರುವದು ಸುಲಭ. ತಿಂಗಳ ಕೊನೆಯ ಲೆಕ್ಕ ಬರೆಯುವ ನನ್ನಂಥ ಕಾರಕೂನನಿಗೆ, ಆ ಮನೆಯ ಜಮಾಖರ್ಚು ಏಕೆ ಹಾಗೆ ಕೂಡುತ್ತದೆ ಎಂಬದೂ ಗೊತ್ತಿದೆ.

ಈ ವಯಸ್ಸಿನ ಕಥೆಯನ್ನೇ ವಿಷಯವಾಗಿ ಇಟ್ಟುಕೊಂಡ ಬೋಲಪಟಗಳು ಎಲ್ಲ ದೇಶಗಳಲ್ಲಿಯೂ ಇವೆ. ಇಂಗ್ಲಿಷಿನವರು ಅವನ್ನು ಒಂದು ಬೇರೆ ವರ್ಗವೆಂದೇ ಎಣಿಸುತ್ತಾರೆ. ಅಮೇರಿಕೆಯಿಂದ ಬರುವ ಇಂಥ ಚಿತ್ರಗಳಲ್ಲಿ ಹೆಚ್ಚಾಗಿ ಮೊದಲ ಪ್ರೇಮ, ಹೈಸ್ಕೂಲಿನ ನೃತ್ಯ, ತಂದೆಯ ಮೋಟಾರು. ನೋಡುವದಕ್ಕೆ ಚೆನ್ನ, ಆದರೆ ನಮಗೆ ದೂರ. ಈ ತಿಂಗಳ ಅಭ್ಯಾಸಕ್ಕೆ ನಾನು ಆಫ್ರಿಕದ ಚಿತ್ರಗಳನ್ನೂ, ಆಫ್ರಿಕದಿಂದ ಗುಲಾಮರಾಗಿ ಹೊರದೇಶಗಳಿಗೆ ಸಾಗಿಸಲ್ಪಟ್ಟವರ ಮಕ್ಕಳ ಚಿತ್ರಗಳನ್ನೂ ಆರಿಸಿಕೊಂಡಿದ್ದೇನೆ. ಅವುಗಳಲ್ಲಿ ಹುಡುಗನು ದೊಡ್ಡವನಾಗುವದು ಗಳಿಸುವದರಿಂದಲ್ಲ. ತನಗಾಗಿ ಯಾರು ಬೆನ್ನು ಬಗ್ಗಿಸಿದ್ದಾರೆ ಎಂಬದನ್ನು ಅವನು ಕಾಣುತ್ತಾನೆ. ಅದೇ ಹಿರಿಯರು ಎಲ್ಲಿ ಅನ್ಯಾಯ ಮಾಡುತ್ತಾರೆ ಎಂಬದನ್ನೂ ಕಾಣುತ್ತಾನೆ. ಎರಡನ್ನೂ ಕಂಡ ದಿವಸ ಅವನ ಬಾಲ್ಯ ಮುಗಿಯಿತು. ಆಫ್ರಿಕ ನಮಗೇಕೆ ಎಂದು ಕೇಳುವವರು ತುಸು ತಾಳಬೇಕು. ಕನ್ನಡ ನಾಡಿನ ಕಾಡಿನಲ್ಲಿಯೇ ಆಫ್ರಿಕದ ಒಂದು ತುಂಡು ಇದೆ. ಅದು ಕೊನೆಗೆ ಬರುತ್ತದೆ.

ಮೊದಲು ಆಫ್ರಿಕದ ಚಿತ್ರಗಳಿಗೆ ತಳಹದಿ ಹಾಕಿದ ಮನುಷ್ಯನ ವಿಷಯ. ಉಸ್ಮಾನ್ ಸೆಂಬೆನ್ 1923ರಲ್ಲಿ ಸೆನೆಗಾಲಿನಲ್ಲಿ ಹುಟ್ಟಿದವನು. ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಸೈನ್ಯದಲ್ಲಿ ದುಡಿದು, ಆಮೇಲೆ ಮಾರ್ಸೇಲ್ಸ್ ಬಂದರದಲ್ಲಿ ಹಡಗಿನ ಸಾಮಾನು ಇಳಿಸುವ ಹಮಾಲನಾದ. ಕಾರ್ಮಿಕರ ಸಂಘದಲ್ಲಿ ಸೇರಿ ಪುಸ್ತಕ ಓದುತ್ತ ಓದುತ್ತ ತಾನೇ ಬರೆಯತೊಡಗಿದ. 1956ರಲ್ಲಿ ಬಂದ ಅವನ ಮೊದಲ ಕಾದಂಬರಿ ಬಂದರದ ಕಪ್ಪು ಹಮಾಲನೊಬ್ಬನದೇ ಕಥೆ. ಪುಸ್ತಕಗಳು ಹೊರಬಂದವು, ಹೆಸರೂ ಬಂತು. ಆದರೆ ಯಾರಿಗಾಗಿ ಬರೆದಿದ್ದನೋ ಆ ಜನರಿಗೆ ಫ್ರೆಂಚ್ ಓದಲು ಬಾರದು. ಆಗ ಅವನು ನಾಲ್ವತ್ತರ ಹತ್ತಿರದ ವಯಸ್ಸಿನಲ್ಲಿ, 1962ರಲ್ಲಿ, ಮಾಸ್ಕೋಕ್ಕೆ ಹೋಗಿ ಚಿತ್ರ ತೆಗೆಯುವದನ್ನು ಕಲಿತ. ಓದು ಬರಹ ಬಾರದವರಿಗೆ ಬೋಲಪಟವೇ ರಾತ್ರಿಸಾಲೆ ಎಂಬದು ಅವನ ನಂಬಿಕೆ. ಉಚಿತ ವಾಚನಾಲಯ ನಡೆಸುವ ನಾವು ಈ ಮಾತನ್ನು ಲಕ್ಷ್ಯದಲ್ಲಿಡಬೇಕು. ನಮ್ಮ ಮೇಜಿನ ಮೇಲೆ ಪತ್ರಿಕೆಗಳಿವೆ, ಆದರೆ ಬಾಗಿಲಲ್ಲೇ ನಿಂತು ಒಳಗೆ ಬರಲು ಸಂಕೋಚಪಡುವವರೂ ಇದ್ದಾರೆ.

1963ರಲ್ಲಿ ಸೆಂಬೆನ್ ಡಕಾರ್ ಪಟ್ಟಣದ ಬಂಡಿ ಹೊಡೆಯುವವನೊಬ್ಬನ ಒಂದು ದಿನದ ಕಥೆಯನ್ನು ಇಪ್ಪತ್ತು ನಿಮಿಷದ ಚಿತ್ರವನ್ನಾಗಿ ಮಾಡಿದ. 1966ರಲ್ಲಿ ಒಂದು ತಾಸಿನ "ಬ್ಲ್ಯಾಕ್ ಗರ್ಲ್" ಬಂತು. ಡಿಯುವಾನಾ ಎಂಬ ತರುಣಿ ಡಕಾರಿನಿಂದ ಫ್ರಾನ್ಸಿಗೆ ಮನೆಗೆಲಸಕ್ಕೆ ಹೋಗುತ್ತಾಳೆ. ಮಕ್ಕಳನ್ನು ನೋಡಿಕೊಳ್ಳುವ ಕೆಲಸವೆಂದು ಹೇಳಿ ಕರೆದೊಯ್ದವರು ಅವಳನ್ನು ಅಡಿಗೆಗೂ ಕಸಕ್ಕೂ ಹಚ್ಚುತ್ತಾರೆ; ಸಮುದ್ರದ ದಂಡೆಯ ಊರಿನಲ್ಲಿದ್ದೂ ಅವಳಿಗೆ ನಾಲ್ಕು ಗೋಡೆಗಳ ಹೊರತು ಬೇರೇನೂ ಕಾಣುವದಿಲ್ಲ. ಕೊನೆಗೆ ಪ್ರಾಣವನ್ನೇ ಕಳೆದುಕೊಳ್ಳುತ್ತಾಳೆ. ಇದು ಬೆಳೆಯುವ ಹುಡುಗನ ಕಥೆಯಲ್ಲವಲ್ಲ ಎನ್ನಬಹುದು. ಕೊನೆಯ ಐದು ನಿಮಿಷ ನೋಡಿರಿ. ಯಜಮಾನನು ಅವಳ ಪೆಟ್ಟಿಗೆಯನ್ನೂ ಬಾಕಿ ಪಗಾರವನ್ನೂ ಹಿಡಿದು ಡಕಾರಿಗೆ ಬರುತ್ತಾನೆ. ತಾಯಿ ಆ ಹಣವನ್ನು ಮುಟ್ಟುವದಿಲ್ಲ. ಡಿಯುವಾನಾ ಹಿಂದೆ ಆ ಮನೆಗೆ ಕಾಣಿಕೆಯಾಗಿ ಕೊಟ್ಟಿದ್ದ ಮರದ ಮುಖವಾಡವೂ ಅವನೊಡನೆ ವಾಪಸು ಬಂದಿದೆ. ಒಬ್ಬ ಸಣ್ಣ ಹುಡುಗ ಅದನ್ನು ಮುಖಕ್ಕೆ ಹಿಡಿದುಕೊಂಡು ಯಜಮಾನನ ಬೆನ್ನು ಬಿಡದೆ ಬೀದಿ ಬೀದಿ ನಡೆಯುತ್ತಾನೆ. ದೊಡ್ಡ ಮನುಷ್ಯ ಓಡುವ ಹಾಗೆ ಹೆಜ್ಜೆ ಹಾಕುತ್ತಾನೆ. ಆಮೇಲೆ ಹುಡುಗ ಮುಖವಾಡ ಇಳಿಸಿ ನಮ್ಮ ಕಡೆ ನೋಡುತ್ತಾನೆ. ಮಾತಿಲ್ಲ. ಪಗಾರದ ಪುಡಿಕೆಯಿಂದ ಎಲ್ಲ ಲೆಕ್ಕ ಚುಕ್ತಾ ಆಗುವದಿಲ್ಲ ಎಂಬದನ್ನು ಆ ಹುಡುಗ ಅಂದು ಕಲಿತ.

ಇನ್ನು ಕಬ್ಬಿನ ಹೊಲಕ್ಕೆ ಬರೋಣ. ನಮ್ಮ ಜಿಲ್ಲೆಗಳಿಂದ ಪ್ರತಿವರ್ಷ ಗಂಡ, ಹೆಂಡತಿ, ಮಕ್ಕಳೊಂದಿಗೆ ಸಾಂಗ್ಲಿ, ಕೊಲ್ಹಾಪುರದ ಕಡೆ ಕಬ್ಬು ಕಡಿಯಲು ಗ್ಯಾಂಗುಗಳು ಹೋಗುವದನ್ನು ವಾಚಕರು ಬಲ್ಲರು. ಮುಂಗಡ ತೆಗೆದುಕೊಂಡಿದ್ದರಿಂದ ಹೋಗಲೇಬೇಕು; ಆರು ತಿಂಗಳು ಮಗುವಿನ ಸಾಲೆ ನಿಂತಂತೆಯೇ. ಇದೇ ಕಬ್ಬಿನ, ಇದೇ ಮುಕಾದಮನ ಕಥೆ ಸಾವಿರಾರು ಮೈಲು ಆಚೆ ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ಎಂಬ ಸಣ್ಣ ದ್ವೀಪದಲ್ಲಿ ನಡೆದಿದೆ. ಅಲ್ಲಿಯ ಯೂಜಾನ್ ಪಾಲ್ಸಿ ಎಂಬ ಹೆಣ್ಣುಮಗಳು 1983ರಲ್ಲಿ, ತನ್ನ ಇಪ್ಪತ್ತೈದನೆಯ ವಯಸ್ಸಿನ ಸುಮಾರಿಗೆ, ಜೋಸೆಫ್ ಜೋಬೆಲ್ 1950ರಲ್ಲಿ ಬರೆದ ಕಾದಂಬರಿಯನ್ನು ಚಿತ್ರವಾಗಿ ಮಾಡಿದಳು. ಫ್ರೆಂಚ್ ಹೆಸರಿನ ಅರ್ಥ "ಕಪ್ಪು ಜನರ ಗುಡಿಸಲುಗಳ ಓಣಿ" ಎಂದು. ಇಂಗ್ಲಿಷಿನಲ್ಲಿ "ಶುಗರ್ ಕೇನ್ ಆಲಿ" ಎಂದು ಹೆಸರಾಗಿದೆ. ವೆನಿಸ್ ಚಿತ್ರೋತ್ಸವದಲ್ಲಿ ಅದಕ್ಕೆ ಬೆಳ್ಳಿಯ ಸಿಂಹ ಪಾರಿತೋಷಕ ದೊರೆಯಿತು. ಅಜ್ಜಿಯ ಪಾತ್ರ ಮಾಡಿದ ಡಾರ್ಲಿಂಗ್ ಲೆಜಿತಿಮುಸ್ ಎಂಬ ಮುದುಕಿಗೂ ಅಲ್ಲಿಯೇ ನಟಿಯ ಬಹುಮಾನ ಬಂತು.

ಕಾಲ 1930ರ ಸುಮಾರು. ಹುಡುಗನ ಹೆಸರು ಜೋಸೆ. ತಂದೆ ತಾಯಿ ಇಲ್ಲ. ಸಾಕುವವಳು ಅಜ್ಜಿ, ಮಾಂ ತೀನ್. ದಿನವೆಲ್ಲ ಕಬ್ಬಿನ ಹೊಲದಲ್ಲಿ ದುಡಿದು, ಸಂಜೆ ಮುಕಾದಮನ ಮುಂದೆ ಸಾಲಿನಲ್ಲಿ ನಿಂತು, ಕೆಲಸ ಕಡಿಮೆಯಾಯಿತೆಂದು ಕಡಿದುಕೊಂಡ ಕೂಲಿಯನ್ನು ಎಣಿಸಿಕೊಂಡು ಬರುವವಳು. ಆ ಓಣಿಯ ಮಕ್ಕಳು ಸ್ವಲ್ಪ ಬಲಿತ ಕೂಡಲೆ ಹೊಲಕ್ಕೆ ಇಳಿಯುತ್ತಾರೆ. ಸಣ್ಣ ಮಕ್ಕಳದೇ ಬೇರೆ ಗುಂಪು, ಅರ್ಧ ಕೂಲಿ. ಮಾಂ ತೀನ್ ಮಾತ್ರ ಮೊಮ್ಮಗನನ್ನು ಇಳಿಸುವದಿಲ್ಲ. ಓಣಿಯವರು ಇವಳಿಗೆ ಸೊಕ್ಕು ಎನ್ನುತ್ತಾರೆ. ನನಗೆ ಈ ಚಿತ್ರದಲ್ಲಿ ಅತಿ ಮಹತ್ವದ್ದೆಂದು ತೋರುವದು ಈ ಸೊಕ್ಕೇ. ಏಕೆಂದರೆ ಅವಳು ಸಾಹುಕಾರಳಾಗಿ ಸೊಕ್ಕುವದಿಲ್ಲ. ಹುಡುಗನ ಅರ್ಧ ಕೂಲಿ ಬಂದರೆ ಅವಳ ಒಲೆಗೂ ಅನುಕೂಲವೇ ಇತ್ತು. ಅದನ್ನು ಬಿಟ್ಟುಕೊಟ್ಟು ಕೆಟ್ಟ ಮೊಣಕಾಲಿನಿಂದ ಇನ್ನಷ್ಟು ಸಾಲು ಕಡಿಯುತ್ತಾಳೆ.

ಜೋಸೆ ಪರೀಕ್ಷೆ ಪಾಸಾಗುತ್ತಾನೆ. ಮುಂದಿನ ಸಾಲೆ ಫೋರ್-ದ-ಫ್ರಾನ್ಸ್ ಪಟ್ಟಣದಲ್ಲಿ. ವಿದ್ಯಾರ್ಥಿವೇತನ ಸಿಕ್ಕಿತು, ಆದರೆ ಪೂರ್ತಿಯಲ್ಲ, ಫೀಯ ಕಾಲುಭಾಗ ಮಾತ್ರ! ಇದು ಸರಕಾರಿ ಕಾಗದ ನೋಡಿದ ಪ್ರತಿಯೊಬ್ಬರಿಗೂ ಪರಿಚಯದ ಸಂಗತಿ: ಯೋಗ್ಯತೆ ಪೂರ್ತಿ, ಮಂಜೂರಿ ಕಾಲು. ಅಜ್ಜಿ ಗುಡಿಸಲಿಗೆ ಬಾಗಿಲು ಹಾಕಿ ಪಟ್ಟಣಕ್ಕೆ ಬಂದು ಸಾಹೇಬರ ಬಟ್ಟೆ ಒಗೆದು ಇಸ್ತ್ರಿ ಮಾಡಿ ಉಳಿದ ಮುಕ್ಕಾಲನ್ನು ತುಂಬುತ್ತಾಳೆ. ಒಂದು ದಿನ ಜೋಸೆ ಒಂದು ಪ್ರಬಂಧ ಬರೆಯುತ್ತಾನೆ. ಮಾಸ್ತರು ವರ್ಗದ ಮುಂದೆ, ಇದು ಎಲ್ಲಿಂದಲೋ ನಕಲು ಮಾಡಿದ್ದು ಎನ್ನುತ್ತಾರೆ. ಕಬ್ಬಿನ ಓಣಿಯ ಹುಡುಗ ಇಷ್ಟು ಚೆನ್ನಾಗಿ ಬರೆಯಲಾರ ಎಂಬದು ಅವರ ಲೆಕ್ಕ. ತಪ್ಪು ತಿಳಿದ ಮೇಲೆ ಅವರೇ ಹುಡುಗನನ್ನು ಹುಡುಕಿಕೊಂಡು ಬರುತ್ತಾರೆ, ಪೂರ್ತಿ ವೇತನವೂ ಆಗುತ್ತದೆ.

ಆ ಪ್ರಬಂಧ ಯಾರ ವಿಷಯವಾಗಿತ್ತು? ಮೆದೂಜ್ ಎಂಬ ಮುದುಕನ ವಿಷಯ. ಓಣಿಯಲ್ಲಿ ಜೋಸೆಗೆ ಒಗಟು ಹೇಳಿ, ಬೆಂಕಿಯ ಮುಂದೆ ಕೂಡ್ರಿಸಿಕೊಂಡು ಆಫ್ರಿಕದ ಮಾತು ಹೇಳಿದವನು ಇವನೇ. ಮಾರ್ಟಿನಿಕ್‌ನಲ್ಲಿ ಗುಲಾಮಗಿರಿ ರದ್ದಾದದ್ದು 1848ರಲ್ಲಿ. ಬಿಡುಗಡೆಯಾಯಿತೆಂದು ಜನ ಗುಡ್ಡ ಇಳಿದು ಕುಣಿಯುತ್ತ ಓಡಿದರಂತೆ. ಓಡಿ ಓಡಿ ದಣಿದ ಮೇಲೆ ನೋಡಿದರೆ ಎಲ್ಲ ಭೂಮಿ ಮೊದಲಿನ ಯಜಮಾನರದೇ, ಹೊಟ್ಟೆ ಮಾತ್ರ ತಮ್ಮದು. ಮತ್ತೆ ಅದೇ ಹೊಲಕ್ಕೆ ಕೂಲಿಗೆ ಬಂದರು. ತಂದೆಯಿಂದ ಕೇಳಿದ ಈ ಮಾತನ್ನು ಮೆದೂಜ್ ಹುಡುಗನಿಗೆ ದಾಟಿಸುತ್ತಾನೆ. ಒಂದು ರಾತ್ರಿ ಅವನು ಮನೆಗೆ ಬರುವದಿಲ್ಲ. ದೀಪ ಹಿಡಿದು ಹುಡುಕಿದಾಗ ಕಬ್ಬಿನ ಸಾಲುಗಳ ನಡುವೆ ಹೆಣವಾಗಿ ಸಿಗುತ್ತಾನೆ. ಇತಿಹಾಸದ ಪುಸ್ತಕ ಇಲ್ಲದ ಓಣಿಯಲ್ಲಿ ಇತಿಹಾಸವೆಂದರೆ ಒಬ್ಬ ಮುದುಕ. ಅಜ್ಜಿಯೂ ಕೊನೆಗೆ ಓಣಿಗೆ ಮರಳಿ ತೀರಿಕೊಳ್ಳುತ್ತಾಳೆ. ಜೋಸೆ ಅವಳ ಮಣ್ಣಿನ ಪಾದಗಳನ್ನು ತೊಳೆಯುತ್ತಾನೆ. ಆ ನೋಟದಲ್ಲಿ ಅಳು ಬಾರದವರು ಅಪರೂಪ. ಓಣಿಯನ್ನು ಮರೆತು ಪಟ್ಟಣಕ್ಕೆ ಹೋಗುವದಿಲ್ಲ, ಓಣಿಯನ್ನು ಹೊತ್ತುಕೊಂಡೇ ಹೋಗುತ್ತೇನೆ ಎಂಬದು ಅವನ ನಿಶ್ಚಯ.

ಹಿರಿಯರ ತ್ಯಾಗದ ಕಥೆ ಇಷ್ಟಾಯಿತು. ಹಿರಿಯರ ಅನ್ಯಾಯವನ್ನು ಕಾಣುವ ಹುಡುಗ ಬುರ್ಕಿನಾ ಫಾಸೊ ದೇಶದಲ್ಲಿದ್ದಾನೆ. ಇದ್ರಿಸಾ ವೆದ್ರಾವೊಗೊ 1989ರಲ್ಲಿ ತೆಗೆದ "ಯಾಬಾ" ಚಿತ್ರದ ಹೆಸರಿಗೆ ಅಲ್ಲಿಯ ಮೋರೆ ಭಾಷೆಯಲ್ಲಿ ಅಜ್ಜಿ ಎಂದರ್ಥ. ಊರ ಹೊರಗೆ ಸನಾ ಎಂಬ ಮುದುಕಿ ಒಬ್ಬಳೇ ಇರುತ್ತಾಳೆ. ಅವಳು ಮಾಟಗಾತಿ ಎಂದು ಊರು ತೀರ್ಮಾನಿಸಿದೆ. ಮಳೆ, ರೋಗ, ಸಾವು, ಯಾವದು ಬಂದರೂ ಕಾರಣ ಅವಳೇ. ಬಿಲಾ ಎಂಬ ಹುಡುಗನೂ ಅವನ ಸೋದರ ಸಂಬಂಧದ ನೊಪೊಕೊ ಎಂಬ ಹುಡುಗಿಯೂ ಅವಳ ಸ್ನೇಹ ಮಾಡುತ್ತಾರೆ. ಬಿಲಾ ಅವಳನ್ನು "ಯಾಬಾ" ಎಂದು ಕರೆಯುತ್ತಾನೆ. ಅಷ್ಟು ವರ್ಷಗಳಲ್ಲಿ ಅವಳನ್ನು ಒಬ್ಬರೂ ಅಜ್ಜಿ ಎಂದು ಕರೆದಿರಲಿಲ್ಲ. ಹುಡುಗರ ಜಗಳದಲ್ಲಿ ತುಕ್ಕು ಹಿಡಿದ ಚೂರಿ ತಾಗಿ ನೊಪೊಕೊಗೆ ಧನುರ್ವಾಯು ಬಂದಾಗ, ಊರು ಮುದುಕಿಯ ಗುಡಿಸಲು ಸುಡುತ್ತದೆ. ಮುದುಕಿ ಮಾತ್ರ ಬಲು ದೂರ ನಡೆದು ವೈದ್ಯನನ್ನು ಕರೆತರುತ್ತಾಳೆ. ಊರು ಆ ವೈದ್ಯನನ್ನೂ ಅಟ್ಟುತ್ತದೆ. ಔಷಧ ಗುಟ್ಟಿನಲ್ಲಿ ತಲುಪಿ ಹುಡುಗಿ ಬದುಕುತ್ತಾಳೆ. ಮುದುಕಿ ಸಾಯುತ್ತಾಳೆ. ಅವಳ ತಪ್ಪೇನೆಂಬದು ಆಮೇಲೆ ತಿಳಿಯುತ್ತದೆ: ಅವಳನ್ನು ಹಡೆಯುವಾಗ ತಾಯಿ ಸತ್ತಿದ್ದಳು, ಆ ದುಃಖದಲ್ಲಿ ತಂದೆಯೂ ಸತ್ತಿದ್ದ. ಇಷ್ಟೇ. ಚಿತ್ರದಲ್ಲಿ ಯಾರೂ ಭಾಷಣ ಮಾಡುವದಿಲ್ಲ. ಗಂಡನನ್ನು ಬಿಟ್ಟು ಬೇರೊಬ್ಬನ ಸಂಗ ಮಾಡಿದ ಹೆಂಗಸನ್ನು ಬಿಲಾ ಹಳಿದಾಗಲೂ ಮುದುಕಿ, ಅವಳಿಗೆ ಅವಳದೇ ಕಾರಣವಿದ್ದೀತು ಎಂದು ಸುಮ್ಮನಾಗಿಸುತ್ತಾಳೆ. ಊರಿನಿಂದ ಹೊರಬಿದ್ದವಳಿಗೇ ಇಷ್ಟು ತಾಳ್ಮೆ.

ಈ ಕಥೆ ಕನ್ನಡಿಗರಿಗೆ ಹೊಸದಲ್ಲ. ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಗಿರೀಶ ಕಾಸರವಳ್ಳಿಯವರು 1977ರಲ್ಲಿ "ಘಟಶ್ರಾದ್ಧ" ಎಂಬ ಚಿತ್ರವಾಗಿ ಮಾಡಿದರು. ಆ ವರ್ಷದ ಶ್ರೇಷ್ಠ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಕಾಸರವಳ್ಳಿಯವರು ಮಣಿಪಾಲದಲ್ಲಿ ಔಷಧಶಾಸ್ತ್ರ ಓದಿ, ಆಮೇಲೆ ಚಿತ್ರವಿದ್ಯೆ ಕಲಿತದ್ದು ನಮ್ಮ ಪುಣೆಯಲ್ಲಿಯೇ, ಲಾ ಕಾಲೇಜ ರಸ್ತೆಯ ಫಿಲ್ಮ ಇನ್‌ಸ್ಟಿಟ್ಯೂಟಿನಲ್ಲಿ. ಹಳೆಯ ಪ್ರಭಾತ ಸ್ಟುಡಿಯೋದ ಜಾಗದಲ್ಲಿ 1960ರಲ್ಲಿ ಆರಂಭವಾದ ಸಂಸ್ಥೆ ಅದು. "ಘಟಶ್ರಾದ್ಧ"ದ ನಾಣಿ ಮಲೆನಾಡಿನ ವೇದಪಾಠಶಾಲೆಗೆ ಬಂದ ಸಣ್ಣ ವಟು. ಗುರುಗಳ ಮಗಳು, ಎಳೆಯ ವಿಧವೆ ಯಮುನಕ್ಕ ಅವನಿಗೆ ತಾಯಿಯಂತೆ ಆಸರೆ. ಅವಳು ಗರ್ಭಿಣಿಯಾದದ್ದು ಬಯಲಾದಾಗ ತಂದೆಯೇ, ಮಗಳು ಬದುಕಿರುವಾಗಲೇ, ಅವಳ ಶ್ರಾದ್ಧ ಮಾಡಿ ಹೊರಗೆ ಹಾಕುತ್ತಾನೆ. ತಲೆ ಬೋಳಿಸಿಕೊಂಡು ಮರದ ಕೆಳಗೆ ಕುಳಿತವಳನ್ನು ಬಿಟ್ಟು ನಾಣಿ ತನ್ನ ತಂದೆಯ ಕೈ ಹಿಡಿದು ಊರಿಗೆ ಹೋಗಬೇಕಾಗುತ್ತದೆ. ಬಿಲಾ ಮುದುಕಿಗಾಗಿ ಓಡಾಡಬಲ್ಲ. ನಾಣಿಗೆ ತಿರುಗಿ ನೋಡುವದರ ಹೊರತು ಏನೂ ಮಾಡಲಿಕ್ಕಾಗುವದಿಲ್ಲ. ಇವೆರಡರಲ್ಲಿ "ಘಟಶ್ರಾದ್ಧ"ವೇ ಹೆಚ್ಚು ಕಠಿಣ ಚಿತ್ರ ಎಂದು ನನ್ನ ಮತ. "ಯಾಬಾ" ನೋಡಿ ಎದ್ದಾಗ ಮನಸ್ಸು ಹಗುರಾಗುತ್ತದೆ. "ಘಟಶ್ರಾದ್ಧ" ನೋಡಿದ ರಾತ್ರಿ ನಿದ್ದೆ ಬರುವದು ತಡ.

ಇದೇ ರಸ್ತೆಯಲ್ಲಿ 1964ರಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯ ಆರಂಭವಾಯಿತು. ಪಿ. ಕೆ. ನಾಯರ್ ಎಂಬವರು ಊರೂರು ಅಲೆದು ಡಬ್ಬಿಗಳನ್ನು ಕೂಡಿಸಿ ಅದನ್ನು ಕಟ್ಟಿದರು. 2022ರಿಂದ ಅದು ಚಿತ್ರ ಅಭಿವೃದ್ಧಿ ನಿಗಮದ ಆಡಳಿತದಲ್ಲಿದೆ. ಹಳೆಯ ಆಫ್ರಿಕದ ಚಿತ್ರಗಳನ್ನು ದುರಸ್ತಿ ಮಾಡಿಸುತ್ತಿರುವ ಅಮೇರಿಕೆಯ ಫಿಲ್ಮ್ ಫೌಂಡೇಶನ್ನೇ, ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಜೊತೆಗೂಡಿ, ಪುಣೆಯ ಈ ಸಂಗ್ರಹಾಲಯದ ಸಹಕಾರದಿಂದ "ಘಟಶ್ರಾದ್ಧ"ವನ್ನೂ ಶುದ್ಧಗೊಳಿಸಿತು. 2024ರಲ್ಲಿ ಅದು ವೆನಿಸಿನಲ್ಲಿ ಮತ್ತೆ ತೆರೆಗೆ ಬಂತು. ಸೆಂಬೆನ್ನನ "ಬ್ಲ್ಯಾಕ್ ಗರ್ಲ್" ಕೂಡ ಅವರ ಕೈಯಲ್ಲೇ ಹೊಸ ಜೀವ ಪಡೆದದ್ದು.

ಈಗ ಕಾಡಿನೊಳಗಿನ ಆಫ್ರಿಕ. ಪುಣೆಯವರಿಗೆ ಮಲಿಕ್ ಅಂಬರ್‌ನ ಹೆಸರು ಗೊತ್ತು. ಇಥಿಯೋಪಿಯದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಅಹಮದನಗರದ ನಿಜಾಮಶಾಹಿಯ ಸರ್ವಾಧಿಕಾರಿಯಾಗಿ 1626ರಲ್ಲಿ ತೀರಿಕೊಂಡವನು. ಅವನು ಕಟ್ಟಿದ ಊರಿನ ಮೊದಲ ಹೆಸರು ಖಡಕಿ. ನಮ್ಮ ಪಕ್ಕದ ಖಡಕಿಯಲ್ಲ, ಮುಂದೆ ಔರಂಗಾಬಾದ ಎಂದಾದ ಊರು. ಆದರೆ ಆಫ್ರಿಕದಿಂದ ಬಂದವರೆಲ್ಲ ಸರದಾರರಾಗಲಿಲ್ಲ. ಪೋರ್ತುಗೀಜರು ಗೋವೆಗೆ ತಂದ ಗುಲಾಮರಲ್ಲಿ ಅನೇಕರು ಘಟ್ಟ ಹತ್ತಿ ಓಡಿಬಂದು ಉತ್ತರ ಕನ್ನಡದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಸಿದ್ದಿಗಳು ಅವರ ಮಕ್ಕಳು. ಹಿಂದೂ, ಮುಸಲ್ಮಾನ, ಕ್ರೈಸ್ತ, ಮೂರೂ ಧರ್ಮದವರು ಅವರಲ್ಲಿದ್ದಾರೆ. ಮನೆಯಲ್ಲಿ ಒಂದು ಬಗೆಯ ಕೊಂಕಣಿ, ಹೊರಗೆ ಕನ್ನಡ. ಅವರ ಹೆಂಗಸರು ಹಳೆಯ ಬಟ್ಟೆಯಿಂದ ಹೊಲಿಯುವ ಹೊದಿಕೆ ನೋಡಿದರೆ ನಮ್ಮ ಅವ್ವಂದಿರ ಕೌದಿಯೇ ನೆನಪಾಗುತ್ತದೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡದಲ್ಲಿ ಸೇರಿಸಲಾಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು, ಆ ಸಮಾಜದಿಂದ ಮೊದಲಿಗರಾಗಿ.

ಹೆಗ್ಗೋಡಿನ ನೀನಾಸಂ ಬಳಗದ ಚಿದಂಬರರಾವ್ ಜಂಬೆಯವರು ಸಿದ್ದಿಗಳಿಂದ ನಾಟಕ ಆಡಿಸಿದ್ದು ನಾಟಕಪ್ರಿಯರಿಗೆ ಗೊತ್ತಿರಬೇಕು. ನೈಜೀರಿಯದ ಚಿನುವಾ ಅಚಿಬೆಯ ಕಾದಂಬರಿಯನ್ನು ಆಧರಿಸಿದ ನಾಟಕ ಅದು. ಆಫ್ರಿಕದ ಕಥೆಯನ್ನು, ಆಫ್ರಿಕ ಮರೆತ ಆಫ್ರಿಕದ ಮಕ್ಕಳು, ಕನ್ನಡದಲ್ಲಿ ಆಡಿದರು. ಆಮೇಲೆ ಸಿದ್ದಿ ನಟರು ಚಿತ್ರಗಳಿಗೂ ಬಂದರು. ಆದರೆ ನಮ್ಮ ದೊಡ್ಡ ಚಿತ್ರಗಳಲ್ಲಿ ಅವರಿಗೆ ಸಿಕ್ಕದ್ದು ಹೆಚ್ಚಾಗಿ ನಾಯಕನ ಗೆಳೆಯನ ಪಾತ್ರ ಅಥವಾ ಒಂದು ಕುಣಿತ.

2024ರಲ್ಲಿ ಇದು ಬದಲಾಯಿತು. ಜಯನ್ ಚೆರಿಯನ್ ಎಂಬ ಮಲೆಯಾಳಿ ನಿರ್ದೇಶಕರ "ರಿದಮ್ ಆಫ್ ದಮ್ಮಾಮ್" ಆ ವರ್ಷದ ನವೆಂಬರಿನಲ್ಲಿ ಗೋವೆಯ ಚಿತ್ರೋತ್ಸವದಲ್ಲಿ ತೋರಿಸಲ್ಪಟ್ಟಿತು. ಯಾವ ಗೋವೆಯಿಂದ ಪೂರ್ವಜರು ತಪ್ಪಿಸಿಕೊಂಡು ಓಡಿದ್ದರೋ ಅದೇ ಗೋವೆ. ದಮ್ಮಾಮ್ ಎಂದರೆ ಸಿದ್ದಿಗಳ ಚರ್ಮವಾದ್ಯ. ನಟರಲ್ಲಿ ಬಹುಪಾಲು ಸಿದ್ದಿಗಳೇ. ಮಾತು ಸಿದ್ದಿ ಕೊಂಕಣಿ. ಯಲ್ಲಾಪುರದ ಕಡೆಯ ಹನ್ನೆರಡು ವರ್ಷದ ಜಯರಾಮ ಇದರ ನಾಯಕ. ಅವನ ಅಜ್ಜ ತೀರಿಕೊಂಡಿದ್ದಾನೆ. ಸತ್ತ ಅಜ್ಜ ಹುಡುಗನನ್ನು ಬಿಡುವದಿಲ್ಲ. ಕನಸಿನಲ್ಲಿ ಪೂರ್ವಜರ ಗುಲಾಮಗಿರಿ ಕಣ್ಣಿಗೆ ಕಟ್ಟುತ್ತದೆ. ಮನೆಯವರು ಅವನನ್ನು ಗುಣಪಡಿಸಲು ಹೆಣಗುತ್ತಾರೆ.

ಜೋಸೆಗೆ ಮೆದೂಜ್ ಬದುಕಿದ್ದಾಗಲೇ ಎಲ್ಲ ಹೇಳಿ ಹೋದ. ಜಯರಾಮನ ಅಜ್ಜ ಸತ್ತ ಮೇಲೆ ಹೇಳುತ್ತಾನೆ. ಮಗುವಿಗೆ ಹೇಳದೆ ಮುಚ್ಚಿಟ್ಟ ಮಾತು ಹೇಗೆ ರೋಗವಾಗಿ ಹೊರಬೀಳುತ್ತದೆ ಎಂಬದನ್ನು ನಮ್ಮವರೂ ವಿಚಾರಿಸಬೇಕು. ಊರು ಏಕೆ ಬಿಟ್ಟೆವು, ಹೊಲ ಯಾರ ಪಾಲಾಯಿತು, ಯಾವ ಬರಗಾಲದಲ್ಲಿ ಅಜ್ಜ ರೈಲು ಹತ್ತಿದ, ಇವನ್ನು ನಮ್ಮ ಎಷ್ಟು ಮನೆಗಳಲ್ಲಿ ಮಕ್ಕಳಿಗೆ ಹೇಳಿದ್ದಾರೆ? ಮಗ ಮರಾಠಿಯಲ್ಲಿ ಉತ್ತರ ಕೊಡುತ್ತಾನೆಂದು ಕೊರಗುವ ತಂದೆ, ಕನ್ನಡದಲ್ಲಿ ಅವನಿಗೆ ಏನು ಹೇಳಿದ್ದಾನೆ, ಬಯ್ಗುಳದ ಹೊರತು?

ನೋಡುವ ರೀತಿಯ ಬಗ್ಗೆ ಎರಡು ಮಾತು. ಈ ಚಿತ್ರಗಳ ಕೆಳಗೆ ಇಂಗ್ಲಿಷ್ ಅಕ್ಷರಗಳು ಓಡುತ್ತವೆ. ನಾಲ್ಕು ಮಂದಿ ಕೂಡಿ ನೋಡುವಾಗ ಇಂಗ್ಲಿಷ್ ಬಲ್ಲವರೊಬ್ಬರು ಗಟ್ಟಿಯಾಗಿ ಕನ್ನಡದಲ್ಲಿ ಹೇಳುತ್ತ ಹೋಗಬೇಕು. ಮೂಕಪಟಗಳ ಕಾಲದಲ್ಲಿ ಪರದೆಯ ಪಕ್ಕ ನಿಂತವರು ಹೀಗೆಯೇ ಓದುತ್ತಿದ್ದರು. ಎಲ್ಲ ಮಾತನ್ನೂ ಹೇಳುವ ಹಟ ಬೇಡ. ಮೆದೂಜನ ಒಗಟಿನ ಭಾಗ ಬಂದಾಗ ಸುಮ್ಮನಿದ್ದು ಅವನ ದನಿಯನ್ನೇ ಕೇಳಿಸಬೇಕು. "ಯಾಬಾ"ದಲ್ಲಿ ಮಾತು ಕಡಿಮೆ, ಮಕ್ಕಳನ್ನು ಮುಂದೆ ಕೂಡ್ರಿಸಿರಿ. ದಮ್ಮಾಮ್ ಚಿತ್ರದ ಕೊಂಕಣಿ, ಪುಣೆಯಲ್ಲಿ ಹತ್ತು ವರ್ಷ ಮರಾಠಿ ಕೇಳಿದ ಕಿವಿಗೆ ಅರ್ಧಕ್ಕರ್ಧ ತಾನಾಗಿಯೇ ತಿಳಿಯುತ್ತದೆ. "ಘಟಶ್ರಾದ್ಧ"ಕ್ಕೆ ಓದಿ ಹೇಳುವವರು ಬೇಕಾಗಿಲ್ಲ.